ವಿಡಿಯೊ ಗೇಮ್ ಕನ್ಸೋಲ್‌ಗಳ ಡಿಜಿಟಲ್ ಹಕ್ಕು ನಿರ್ಬಂಧಗಳು

ಹಣ ಕೊಟ್ಟು ತಂದ ಆಟವನ್ನು ಯಾವ ಯಂತ್ರದಲ್ಲಿ, ಯಾರ ಖಾತೆಯಲ್ಲಿ, ಎಷ್ಟು ಕಾಲ ಆಡಬಹುದು, ಆಡಿ ಮುಗಿದ ಮೇಲೆ ಇನ್ನೊಬ್ಬರಿಗೆ ಕೊಡಬಹುದೇ ಎಂಬುದನ್ನೆಲ್ಲ ತಂತ್ರಾಂಶದ ಮೂಲಕವೇ ನಿಯಂತ್ರಿಸುವ ಏರ್ಪಾಡನ್ನು ಡಿಜಿಟಲ್ ಹಕ್ಕು ನಿರ್ವಹಣೆ ಎನ್ನುತ್ತಾರೆ. ಆಟಗಾರರ ಬಾಯಲ್ಲಿ ಅದು ಡಿಆರ್‌ಎಂ. ನಕಲು ಹಾವಳಿ ತಡೆಯಲು ಹುಟ್ಟಿದ ಈ ಏರ್ಪಾಡು ಕ್ರಮೇಣ ಪ್ರಾಮಾಣಿಕ ಗಿರಾಕಿಯ ಕೈಯನ್ನೂ ಕಟ್ಟತೊಡಗಿತು. ಕಂಪ್ಯೂಟರ್ ಆಟಗಳಲ್ಲಿ ಈ ಕುರಿತ ಜಗಳ ಹಳೆಯದು. ಆದರೆ ಟಿವಿಗೆ ಜೋಡಿಸಿ ಆಡುವ ಕನ್ಸೋಲ್‌ಗಳ ಲೋಕದಲ್ಲಿ ಅದು ಬೀದಿಗೆ ಬಂದದ್ದು 2013ರಲ್ಲಿ. ಮೈಕ್ರೊಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಯಂತ್ರಕ್ಕೆ ವಿಧಿಸಲು ಹೊರಟಿದ್ದ ನಿಯಮಗಳನ್ನು ಆಟಗಾರರ ಪ್ರತಿಭಟನೆ ಎರಡೇ ವಾರಗಳಲ್ಲಿ ಹಿಂತೆಗೆಸಿತು. ಆ ಗೆಲುವು ಎಷ್ಟು ದಿನ ಬಾಳಿತು ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಬಿಟ್ಟು 2013ನ್ನು ನೆನೆದರೆ ಅರ್ಧ ಚರಿತ್ರೆಯಷ್ಟೇ ಹೇಳಿದಂತಾಗುತ್ತದೆ.

ಹಿನ್ನೆಲೆ

ಕನ್ಸೋಲ್‌ಗೆ ಬೀಗ ಹಾಕುವ ಪದ್ಧತಿ ನಿಂಟೆಂಡೊದಿಂದ ಗಟ್ಟಿಯಾಯಿತು. 1985ರಲ್ಲಿ ಅಮೆರಿಕಕ್ಕೆ ಬಂದ ಅದರ ಎನ್‌ಇಎಸ್ ಯಂತ್ರದೊಳಗೆ ಒಂದು ಚಿಪ್, ಪ್ರತಿ ಕಾರ್ಟ್ರಿಜ್‌ನಲ್ಲಿ ಅದರ ಜೋಡಿ ಚಿಪ್ ಇದ್ದವು. ಎರಡೂ ಪರಸ್ಪರ ಗುರುತು ಹಿಡಿಯದಿದ್ದರೆ ಆಟ ಶುರುವಾಗುತ್ತಿರಲಿಲ್ಲ. ನಕಲು ತಡೆಯುವುದರ ಜತೆಗೆ, ಯಾವ ಕಂಪನಿ ಆಟ ಮಾಡಿ ಮಾರಬಹುದು ಎಂಬ ಅಧಿಕಾರವನ್ನೂ ಈ ಚಿಪ್ ನಿಂಟೆಂಡೊ ಕೈಗೆ ಒಪ್ಪಿಸಿತು. ಅಟಾರಿ ಗೇಮ್ಸ್ ಈ ಬೀಗ ಮುರಿದು ತನ್ನದೇ ಕಾರ್ಟ್ರಿಜ್ ಹೊರತಂದಾಗ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿಂದ ಮುಂದೆ ಪ್ರತಿ ತಲೆಮಾರಿನ ಯಂತ್ರಕ್ಕೂ ತನ್ನದೇ ಬೀಗ: ಒಂದು ದೇಶದಲ್ಲಿ ಕೊಂಡ ಡಿಸ್ಕ್ ಇನ್ನೊಂದು ಖಂಡದ ಯಂತ್ರದಲ್ಲಿ ಓಡದಂತೆ ಪ್ರಾದೇಶಿಕ ಸಂಕೇತ, ಅದನ್ನು ದಾಟಿಸಲು ಬೆಸುಗೆ ಹಾಕಿ ಕೂರಿಸುವ ಮಾಡ್‌ಚಿಪ್. 2005ರಲ್ಲಿ ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯ ಪ್ಲೇಸ್ಟೇಷನ್ ಮಾಡ್‌ಚಿಪ್ ಪ್ರಕರಣದಲ್ಲಿ ಸೋನಿಯ ವಿರುದ್ಧ ತೀರ್ಪು ಕೊಟ್ಟಿತು.

ಇಷ್ಟಾದರೂ ಸಾಮಾನ್ಯ ಆಟಗಾರನಿಗೆ ಈ ಬೀಗಗಳು ಹೆಚ್ಚು ಕಾಣುತ್ತಿರಲಿಲ್ಲ. ಡಿಸ್ಕ್ ಹಾಕಿದರೆ ಆಟ ಓಡುತ್ತಿತ್ತು. ಬೇಜಾರಾದರೆ ಗೆಳೆಯನಿಗೆ ಕೊಡಬಹುದಿತ್ತು, ಅಂಗಡಿಗೆ ಮಾರಬಹುದಿತ್ತು. ಈ ಸ್ವಾತಂತ್ರ್ಯಕ್ಕೆ ಮೊದಲ ಏಟು 2010ರ ಸುಮಾರಿಗೆ ಬಿತ್ತು. ಆಟಗಳ ಪ್ರಕಾಶಕ ಇಎ ಕಂಪನಿ ಆನ್‌ಲೈನ್ ಪಾಸ್ ಎಂಬ ಪದ್ಧತಿ ತಂದಿತು. ಹೊಸ ಡಿಸ್ಕ್ ಜತೆ ಒಮ್ಮೆ ಮಾತ್ರ ಬಳಸಬಹುದಾದ ಸಂಕೇತ ಸಿಗುತ್ತಿತ್ತು. ಹಳೆಯ ಡಿಸ್ಕ್ ಕೊಂಡವನು ಆನ್‌ಲೈನ್ ಆಡಬೇಕಾದರೆ ಬೇರೆ ಹಣ ತೆರಬೇಕಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸೋನಿ ಒಂದು ತಂತ್ರಾಂಶ ಪರಿಷ್ಕರಣೆಯ ಮೂಲಕ ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಹಾಕಿಕೊಳ್ಳುವ ಸೌಲಭ್ಯವನ್ನೇ ಕಿತ್ತುಹಾಕಿತು. ಮಾರುವಾಗ ಹೇಳಿಕೊಂಡಿದ್ದ ಸೌಲಭ್ಯ ಮನೆಗೆ ಬಂದು ವರ್ಷಗಳಾದ ಮೇಲೆ ಮಾಯವಾಯಿತು. ಈ ಬಗ್ಗೆ ಅಮೆರಿಕದಲ್ಲಿ ಹೂಡಿದ ಸಾಮೂಹಿಕ ದಾವೆ ಹಲವು ವರ್ಷ ಎಳೆದಾಡಿ ಪರಿಹಾರದಲ್ಲಿ ಮುಗಿಯಿತು.

ಕಂಪ್ಯೂಟರ್ ಆಟಗಳ ಕಡೆಯಿಂದಲೂ ಕಹಿ ಅನುಭವಗಳು ಹರಿದುಬರುತ್ತಿದ್ದವು. 2008ರ ಸ್ಪೋರ್ ಆಟವನ್ನು ಮೂರೇ ಯಂತ್ರಗಳಲ್ಲಿ ಸಕ್ರಿಯಗೊಳಿಸಬಹುದೆಂಬ ಮಿತಿಯ ವಿರುದ್ಧ ಖರೀದಿದಾರರು ಅಮೆಜಾನ್‌ನಲ್ಲಿ ಸಾವಿರಾರು ಕಳಪೆ ಅಂಕ ಹಾಕಿ ಪ್ರತಿಭಟಿಸಿದ್ದರು. 2012ರ ಮೇ ತಿಂಗಳಲ್ಲಿ ಡಯಾಬ್ಲೊ 3 ಬಿಡುಗಡೆಯಾದ ದಿನ ಸರ್ವರ್‌ಗಳು ತತ್ತರಿಸಿ, ಒಬ್ಬರೇ ಕೂತು ಆಡಬೇಕೆಂದವರಿಗೂ ಬಾಗಿಲು ಮುಚ್ಚಿತ್ತು. 2013ರ ಮಾರ್ಚ್‌ನಲ್ಲಿ ಸಿಮ್‌ಸಿಟಿಯ ಹೊಸ ಆವೃತ್ತಿ ಅದೇ ಗತಿ ಕಂಡಿತು. ಸದಾ ಇಂಟರ್ನೆಟ್ ಬೇಕು ಎನ್ನುವ ಆಟ ಎಂದರೆ ಏನು ಎಂಬುದು ಜನರಿಗೆ ಆ ಹೊತ್ತಿಗೆ ಚೆನ್ನಾಗಿಯೇ ಗೊತ್ತಾಗಿತ್ತು.

2013ರ ವಿವಾದ

ಆ ವರ್ಷದ ಫೆಬ್ರುವರಿ 20ರಂದು ಸೋನಿ ನ್ಯೂಯಾರ್ಕ್‌ನಲ್ಲಿ ಪ್ಲೇಸ್ಟೇಷನ್ 4 ಘೋಷಿಸಿತು. ಮೈಕ್ರೊಸಾಫ್ಟ್‌ನ ಹೊಸ ಯಂತ್ರ ಸದಾ ಆನ್‌ಲೈನ್ ಇರಬೇಕಾಗುತ್ತದೆ ಎಂಬ ಗುಸುಗುಸು ಆಗಲೇ ಹಬ್ಬಿತ್ತು. ಏಪ್ರಿಲ್‌ನಲ್ಲಿ ಆ ಕಂಪನಿಯ ಒಬ್ಬ ಸೃಜನಾತ್ಮಕ ನಿರ್ದೇಶಕರು, ಇದರಲ್ಲಿ ಗದ್ದಲ ಮಾಡುವಂಥದ್ದೇನಿದೆ, ಹೊಂದಿಕೊಳ್ಳಿ ಎಂಬ ಧಾಟಿಯಲ್ಲಿ ಟ್ವೀಟ್ ಮಾಡಿದರು. ಕಂಪನಿ ಕ್ಷಮೆ ಕೇಳಿತು, ಅವರು ಕೆಲಸ ಬಿಟ್ಟರು. ಅವರಿಗೆ ಬಂದ ನಿಂದನೆ, ಬೆದರಿಕೆಗಳು ಈ ಚಳವಳಿಗೆ ಕಪ್ಪು ಚುಕ್ಕೆ. ಕಂಪನಿಯ ನೀತಿಯ ಮೇಲಿನ ಸಿಟ್ಟನ್ನು ಒಬ್ಬ ನೌಕರನ ಮೇಲೆ ತೀರಿಸಿಕೊಂಡದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮೇ 21ರಂದು ರೆಡ್ಮಂಡ್‌ನಲ್ಲಿ ಎಕ್ಸ್‌ಬಾಕ್ಸ್ ಒನ್ ಅನಾವರಣಗೊಂಡಿತು. ಟಿವಿ, ಕ್ರೀಡಾ ಪ್ರಸಾರ, ಕಿನೆಕ್ಟ್ ಕ್ಯಾಮೆರಾಗಳ ಬಗ್ಗೆ ಧಾರಾಳವಾಗಿ ಮಾತನಾಡಿದ ಅಧಿಕಾರಿಗಳು ಹಳೆಯ ಡಿಸ್ಕ್‌ಗಳ ಗತಿಯೇನು ಎಂಬ ಪ್ರಶ್ನೆಗೆ ಒಬ್ಬರಿಗಿಂತ ಒಬ್ಬರು ಬೇರೆ ಉತ್ತರ ಕೊಟ್ಟರು. ಸೋನಿಯಾದರೂ ಈ ಹಾದಿ ಹಿಡಿಯದಿರಲಿ ಎಂದು ಆಟಗಾರರು ಟ್ವಿಟರ್‌ನಲ್ಲಿ ಅಭಿಯಾನವನ್ನೇ ಶುರುಮಾಡಿದರು. ಅವರ ಭಯಕ್ಕೆ ಆಧಾರವಿತ್ತು: ಬಳಸಿದ ಡಿಸ್ಕ್‌ಗಳನ್ನು ಪತ್ತೆಹಚ್ಚುವ ತಂತ್ರಕ್ಕಾಗಿ ಸೋನಿ ಸಲ್ಲಿಸಿದ್ದ ಪೇಟೆಂಟ್ ಅರ್ಜಿ ಆ ವರ್ಷದ ಆರಂಭದಲ್ಲೇ ಬಹಿರಂಗವಾಗಿತ್ತು.

ಮೈಕ್ರೊಸಾಫ್ಟ್ ತನ್ನ ನಿಯಮಗಳನ್ನು ಲಿಖಿತವಾಗಿ ಪ್ರಕಟಿಸಿದ್ದು ಜೂನ್ 6ರಂದು. ಡಿಸ್ಕ್‌ನಲ್ಲಿರುವ ಆಟವನ್ನು ಒಮ್ಮೆ ಯಂತ್ರಕ್ಕೆ ಇಳಿಸಿಕೊಂಡರೆ ಅದು ಆಟಗಾರನ ಖಾತೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಡಿಸ್ಕ್ ಬೇಕಾಗಿಲ್ಲ. ಪ್ರತಿಯಾಗಿ ಯಂತ್ರವು 24 ತಾಸಿಗೊಮ್ಮೆ ಕಂಪನಿಯ ಸರ್ವರ್‌ಗೆ ಹಾಜರಿ ಹಾಕಬೇಕು. ಬೇರೆಯವರ ಯಂತ್ರದಲ್ಲಿ ತನ್ನ ಖಾತೆಯಿಂದ ಆಡುವುದಾದರೆ ತಾಸಿಗೊಮ್ಮೆ. ಹಾಜರಿ ತಪ್ಪಿದರೆ ಟಿವಿ ನೋಡಬಹುದು, ಸಿನಿಮಾ ಡಿಸ್ಕ್ ಹಾಕಬಹುದು, ಆದರೆ ಆಟ ಆಡುವಂತಿಲ್ಲ. ಹಳೆಯ ಆಟ ಮಾರಬೇಕಾದರೆ ಕಂಪನಿಯೊಂದಿಗೆ ಒಪ್ಪಂದವಿರುವ ಅಂಗಡಿಗೇ ಮಾರಬೇಕು, ಅದೂ ಪ್ರಕಾಶಕರು ಒಪ್ಪಿದ್ದರೆ. ಗೆಳೆಯನಿಗೆ ಕೊಡಬಹುದು; ಆದರೆ ಆತ ಕನಿಷ್ಠ 30 ದಿನಗಳಿಂದ ಗೆಳೆಯರ ಪಟ್ಟಿಯಲ್ಲಿರಬೇಕು, ಒಂದು ಆಟವನ್ನು ಹೀಗೆ ಒಂದೇ ಸಲ ಕೊಡಬಹುದು. ಎರವಲು ಮತ್ತು ಬಾಡಿಗೆಗೆ ಆರಂಭದಲ್ಲಿ ಅವಕಾಶವೇ ಇಲ್ಲ.

ಆಟವನ್ನು ಗೆಳೆಯನಿಗೆ ಕೊಡಲೂ ಗೆಳೆತನಕ್ಕೆ ತಿಂಗಳಾಗಿರಬೇಕು ಎಂದು ಕಂಪನಿಯೊಂದು ಕಟ್ಟಳೆ ಬರೆದದ್ದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಕನ್ಸೋಲ್ ಆಟದ ಸಂಸ್ಕೃತಿಯೇ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಡಿಸ್ಕ್ ಹೊತ್ತುಕೊಂಡು ಹೋಗುವ ಮಕ್ಕಳಿಂದ ಬೆಳೆದದ್ದು. ಆ ನಿಯಮಗಳನ್ನು ಬರೆದವರು ಅದನ್ನು ಒಂದು ವಹಿವಾಟಿನ ಸೋರಿಕೆಯೆಂದು ಕಂಡರು. ವಿವಾದದ ಮೂಲ ಇಲ್ಲಿದೆ.

ಜೂನ್ 10ರಂದು ಲಾಸ್ ಏಂಜಲೀಸ್‌ನಲ್ಲಿ ಇ3 ಎಂಬ ವಿಡಿಯೊ ಗೇಮ್ ಮೇಳದ ವೇದಿಕೆ ಸಿದ್ಧವಾಗಿತ್ತು. ಬೆಳಗ್ಗೆ ಮೈಕ್ರೊಸಾಫ್ಟ್ 499 ಡಾಲರ್ ಬೆಲೆ ಘೋಷಿಸಿತು. ಸಂಜೆ ಸೋನಿಯ ಅಮೆರಿಕ ವಿಭಾಗದ ಮುಖ್ಯಸ್ಥ ಜ್ಯಾಕ್ ಟ್ರೆಟನ್ ವೇದಿಕೆಗೆ ಬಂದು, ಪ್ಲೇಸ್ಟೇಷನ್ 4ರಲ್ಲಿ ಬಳಸಿದ ಡಿಸ್ಕ್‌ಗಳಿಗೆ ನಿರ್ಬಂಧವಿಲ್ಲ, ಮಾರಬಹುದು, ಎರವಲು ಕೊಡಬಹುದು, ಶಾಶ್ವತವಾಗಿ ಇಟ್ಟುಕೊಳ್ಳಬಹುದು, ದಿನದಿನವೂ ಸರ್ವರ್ ಸಂಪರ್ಕ ಬೇಕಿಲ್ಲ ಎಂದರು. ಸಭಾಂಗಣದ ಚಪ್ಪಾಳೆ ನಿಲ್ಲಲೇ ಇಲ್ಲ. ಇದರ ಬೆನ್ನಿಗೆ 399 ಡಾಲರ್ ಬೆಲೆಯೂ ಪ್ರಕಟವಾಯಿತು. ಆಟ ಎರವಲು ಕೊಡುವುದು ಹೇಗೆಂದು ತೋರಿಸುವ, ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೊವನ್ನೂ ಸೋನಿ ಹೊರಬಿಟ್ಟಿತು. ಅದರಲ್ಲಿ ಅಧಿಕಾರಿ ಶುಹೇಯ್ ಯೋಷಿದಾ ಪಕ್ಕದಲ್ಲಿದ್ದ ಸಹೋದ್ಯೋಗಿಗೆ ಡಿಸ್ಕ್ ಪೆಟ್ಟಿಗೆಯನ್ನು ಕೈಯಿಂದ ಕೈಗೆ ಕೊಡುತ್ತಾರೆ, ಅಷ್ಟೇ. ಅದೇ ಸಂಜೆ ಇನ್ನೊಂದು ಸುದ್ದಿಯೂ ಇತ್ತು: ಪ್ಲೇಸ್ಟೇಷನ್ 3ರಲ್ಲಿ ಉಚಿತವಾಗಿದ್ದ ಆನ್‌ಲೈನ್ ಆಟಕ್ಕೆ ಇನ್ನು ಮುಂದೆ ಚಂದಾ ಕಟ್ಟಬೇಕು. ಚಪ್ಪಾಳೆಯ ಸದ್ದಿನಲ್ಲಿ ಅದು ಹೆಚ್ಚು ಜನರ ಕಿವಿಗೆ ಬೀಳಲಿಲ್ಲ.

ಮೈಕ್ರೊಸಾಫ್ಟ್‌ನ ಎಕ್ಸ್‌ಬಾಕ್ಸ್ ಮುಖ್ಯಸ್ಥ ಡಾನ್ ಮ್ಯಾಟ್ರಿಕ್ ಸಂದರ್ಶನವೊಂದರಲ್ಲಿ, ಇಂಟರ್ನೆಟ್ ಇಲ್ಲದವರಿಗೆ ನಮ್ಮ ಹಳೆಯ ಎಕ್ಸ್‌ಬಾಕ್ಸ್ 360 ಇದೆ ಎಂಬರ್ಥದ ಉತ್ತರ ಕೊಟ್ಟರು. ಸಂಪರ್ಕವಿಲ್ಲದ ನೆಲೆಗಳಲ್ಲಿ, ಹಡಗು-ಜಲಾಂತರ್ಗಾಮಿಗಳಲ್ಲಿ ತಿಂಗಳುಗಟ್ಟಲೆ ಇರುವ ಅಮೆರಿಕದ ಸೈನಿಕರಿಗೆ ಇದು ಅವಮಾನವೆನಿಸಿತು. ಅಲ್ಲಿನ ಸೇನಾ ಪತ್ರಿಕೆಗಳು ಕಟುವಾಗಿ ಬರೆದವು. ದೇಶಗಳ ಪಟ್ಟಿಯೂ ತೊಡಕಾಯಿತು. ಯಂತ್ರ ಮೊದಲು ಬಿಡುಗಡೆಯಾಗಬೇಕಿದ್ದ 21 ದೇಶಗಳ ಹೊರಗೆ ಹಾಜರಿ ವ್ಯವಸ್ಥೆ ಇರುತ್ತಿರಲಿಲ್ಲ; ಎಂದರೆ ಬೇರೆಡೆಗೆ ತರಿಸಿಕೊಂಡವರು ಆಡುವಂತಿರಲಿಲ್ಲ. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಪೋಲೆಂಡ್ ಕೂಡ ಇರಲಿಲ್ಲ. ಮೈಕ್ರೊಸಾಫ್ಟ್ ತನ್ನ ಇ3 ವೇದಿಕೆಯಲ್ಲಿ ಹೆಮ್ಮೆಯಿಂದ ಪ್ರದರ್ಶಿಸಿದ ದಿ ವಿಚರ್ 3 ಆಟ ತಯಾರಾಗುತ್ತಿದ್ದುದು ವಾರ್ಸಾದಲ್ಲಿ.

ಜೂನ್ 19ರಂದು ಮ್ಯಾಟ್ರಿಕ್ ಹೆಸರಿನಲ್ಲಿ ಪ್ರಕಟಣೆ ಹೊರಟಿತು. ಹಾಜರಿ ನಿಯಮ ಇಲ್ಲ, ಡಿಸ್ಕ್‌ಗಳನ್ನು ಎಕ್ಸ್‌ಬಾಕ್ಸ್ 360ರಲ್ಲಿದ್ದಂತೆಯೇ ಕೊಡಬಹುದು, ಮಾರಬಹುದು, ಬಾಡಿಗೆಗೆ ಬಿಡಬಹುದು, ಪ್ರಾದೇಶಿಕ ಬೀಗವೂ ಇಲ್ಲ. ಯಂತ್ರವನ್ನು ಮೊದಲ ಸಲ ಸಜ್ಜುಗೊಳಿಸುವಾಗ ಒಮ್ಮೆ ಸಂಪರ್ಕ ಕೊಟ್ಟರೆ ಸಾಕು. ಜುಲೈ 1ರಂದು ಮ್ಯಾಟ್ರಿಕ್ ಕಂಪನಿ ಬಿಟ್ಟು ಜಿಂಗಾ ಎಂಬ ಗೇಮ್ ಕಂಪನಿ ಸೇರಿದರು. ನವೆಂಬರ್‌ನಲ್ಲಿ ಎರಡೂ ಯಂತ್ರಗಳು ಮಾರುಕಟ್ಟೆಗೆ ಬಂದವು. ಆ ತಲೆಮಾರಿನ ಉದ್ದಕ್ಕೂ ಸೋನಿಯೇ ಮುಂದಿತ್ತು. ನೂರು ಡಾಲರ್ ಅಗ್ಗ ಎಂಬುದೂ ಅದಕ್ಕೆ ನೆರವಾಗಿತ್ತು, ಸೋನಿ ಮಾಡಿಸಿದ ಆಟಗಳ ಗುಣವೂ ಕಾರಣವಾಗಿತ್ತು. ನಿಯಮಗಳ ಗದ್ದಲವೊಂದೇ ಮೈಕ್ರೊಸಾಫ್ಟ್‌ನ ಹಿನ್ನಡೆಗೆ ಕಾರಣ ಎನ್ನಲಾಗದು. ಆದರೆ ಕಳೆದುಕೊಂಡ ನಂಬಿಕೆ ಬೆಲೆ ಇಳಿಸಿದ ಮೇಲೂ ಸುಲಭವಾಗಿ ಮರಳಲಿಲ್ಲ.

ವಾದ, ಪ್ರತಿವಾದ

ನಿರ್ಬಂಧಗಳ ಪರವಾಗಿದ್ದವರ ಮಾತಿನಲ್ಲಿ ತೂಕವಿರಲಿಲ್ಲ ಎಂದೇನಲ್ಲ. 60 ಡಾಲರಿನ ಹೊಸ ಆಟ ವಾರದೊಳಗೆ ಅಂಗಡಿಗೆ ಮರಳಿ, ಐದು ಡಾಲರ್ ಕಡಿಮೆಗೆ ಮತ್ತೊಬ್ಬನ ಕೈ ಸೇರಿದರೆ ಆ ಎರಡನೆಯ ಮಾರಾಟದಿಂದ ಆಟ ಮಾಡಿದವರಿಗೆ ಬಿಡಿಗಾಸೂ ಇಲ್ಲ. ಗೇಮ್‌ಸ್ಟಾಪ್‌ನಂಥ ಸರಣಿ ಅಂಗಡಿಗಳ ಲಾಭದ ದೊಡ್ಡ ಪಾಲು ಬರುತ್ತಿದ್ದುದೇ ಈ ಮರುಮಾರಾಟದಿಂದ. ಕೋಟ್ಯಂತರ ಡಾಲರ್ ಸುರಿದು ನೂರಾರು ಮಂದಿ ವರ್ಷಗಟ್ಟಲೆ ದುಡಿಯುವ ಆಟಗಳ ಲೆಕ್ಕಾಚಾರ ಹೀಗಾದರೆ ಕೂಡುವುದಿಲ್ಲ ಎಂದು ಗೇರ್ಸ್ ಆಫ್ ವಾರ್ ಖ್ಯಾತಿಯ ವಿನ್ಯಾಸಕ ಕ್ಲಿಫ್ ಬ್ಲೆಜಿನ್‌ಸ್ಕಿ ಬಹಿರಂಗವಾಗಿಯೇ ವಾದಿಸಿದರು. ಆಟಗಾರರ ಉತ್ತರವೂ ಅಷ್ಟೇ ನೇರ. ಹಳೆಯ ಡಿಸ್ಕ್ ಮಾರಿದ ಹಣ ಹೊಸ ಡಿಸ್ಕ್‌ಗೇ ಹೋಗುತ್ತದೆ. ಮಾರಿಕೊಳ್ಳಬಹುದೆಂಬ ಧೈರ್ಯದಿಂದಲೇ ಜನ ಪೂರ್ಣ ಬೆಲೆ ತೆರುತ್ತಾರೆ. ಪುಸ್ತಕ, ಕಾರು, ಮನೆ ಯಾವುದರಲ್ಲೂ ಮರುಮಾರಾಟದ ಪಾಲನ್ನು ಮೊದಲ ತಯಾರಕ ಕೇಳುವುದಿಲ್ಲ. ವೆಚ್ಚ ಏರಿದೆ ಎಂದರೆ ವೆಚ್ಚ ಇಳಿಸುವುದು ತಯಾರಕರ ಜವಾಬ್ದಾರಿ. ಈ ಉತ್ತರವೇ ಹೆಚ್ಚು ನ್ಯಾಯಯುತ ಎನ್ನಬೇಕು. ಸಂಕಷ್ಟದಲ್ಲಿರುವ ಉದ್ಯಮವೊಂದು ಗಿರಾಕಿಯ ಹಳೆಯ ಹಕ್ಕನ್ನು ಕೇಳದೆಯೇ ತನ್ನ ಆದಾಯದ ಮೂಲವಾಗಿಸಿಕೊಳ್ಳಲಾಗದು.

ಆದರೆ ಜೂನ್ 19ರಂದು ಒಂದು ಒಳ್ಳೆಯ ಸೌಲಭ್ಯವೂ ಕೊಚ್ಚಿಕೊಂಡು ಹೋಯಿತು. ಮೂಲ ಯೋಜನೆಯಲ್ಲಿ ಒಬ್ಬರು ಕೊಂಡ ಆಟಗಳನ್ನು ಕುಟುಂಬದ ಹತ್ತು ಮಂದಿಯವರೆಗೆ, ಅವರು ಎಲ್ಲೇ ಇರಲಿ, ಹಂಚಿಕೊಳ್ಳಲು ಅವಕಾಶವಿತ್ತು. ಹಾಜರಿ ನಿಯಮದ ಜತೆ ಅದೂ ರದ್ದಾಯಿತು. ಮೊದಲಿನ ಯೋಜನೆಯನ್ನೇ ಮರಳಿ ತನ್ನಿ ಎಂದು ಕೆಲವರು ಸಹಿ ಸಂಗ್ರಹಿಸಿದ್ದೂ ಉಂಟು. ಕಂಪ್ಯೂಟರ್‌ನಲ್ಲಿ ಸ್ಟೀಮ್ ಅಂಗಡಿಯಿಂದ ಕೊಂಡ ಆಟಗಳನ್ನು ಮಾರಲಾಗುವುದಿಲ್ಲ, ಅದನ್ನು ಒಪ್ಪಿದವರು ಇದನ್ನೇಕೆ ಒಪ್ಪುವುದಿಲ್ಲ ಎಂಬುದು ಅವರ ಪ್ರಶ್ನೆ. ಆದರೆ ಸ್ಟೀಮ್‌ನಲ್ಲಿ ಬೆಲೆಗಳು ಮುಕ್ಕಾಲು ಪಾಲು ಇಳಿಯುವ ಮಾರಾಟಗಳು ನಡೆಯುತ್ತವೆ, ಯಂತ್ರವನ್ನು ಬದಲಿಸಿದರೂ ಹಳೆಯ ಆಟ ಓಡುತ್ತದೆ, ಸ್ಟೀಮ್ ಬೇಡವಾದರೆ ಬೀಗವಿಲ್ಲದ ಆಟ ಮಾರುವ ಜಿಒಜಿಯಂಥ ಅಂಗಡಿಗೆ ಹೋಗಬಹುದು. ಕನ್ಸೋಲ್‌ನಲ್ಲಿ ಅಂಗಡಿ ಒಂದೇ, ಅದರ ಮಾಲೀಕನೂ ಯಂತ್ರದ ಮಾಲೀಕನೂ ಒಬ್ಬನೇ. ಡಿಸ್ಕ್‌ನ ಸೆಕೆಂಡ್‌ಹ್ಯಾಂಡ್ ಪೇಟೆ ಆ ಏಕಸ್ವಾಮ್ಯಕ್ಕೆ ಇದ್ದ ಒಂದೇ ಲಗಾಮು.

ಕಾನೂನಿನ ನೆಲೆ

ಮಾರಿದ ಪ್ರತಿಯ ಮೇಲೆ ಮೂಲ ಹಕ್ಕುದಾರನ ಹಿಡಿತ ಮೊದಲ ಮಾರಾಟದೊಂದಿಗೆ ಮುಗಿಯುತ್ತದೆ ಎಂಬ ತತ್ತ್ವವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1908ರಲ್ಲಿ ಪುಸ್ತಕವೊಂದರ ಮೊಕದ್ದಮೆಯಲ್ಲಿ ಎತ್ತಿಹಿಡಿದಿತ್ತು. ಎಕ್ಸ್‌ಬಾಕ್ಸ್ ಒನ್ ಅನಾವರಣಕ್ಕೆ ಎರಡು ತಿಂಗಳ ಮೊದಲು, 2013ರ ಮಾರ್ಚ್ 19ರಂದು, ವಿದೇಶದಲ್ಲಿ ಅಚ್ಚಾದ ಪ್ರತಿಗಳಿಗೂ ಅದು ಅನ್ವಯಿಸುತ್ತದೆ ಎಂದು ಅದೇ ನ್ಯಾಯಾಲಯ ಕೀರ್ಟ್‌ಸೆಂಗ್ ಪ್ರಕರಣದಲ್ಲಿ ತೀರ್ಪಿತ್ತಿತು. ಜಪಾನಿನ ಸುಪ್ರೀಂ ಕೋರ್ಟ್ 2002ರಲ್ಲಿ ಬಳಸಿದ ಆಟಗಳ ಮಾರಾಟ ಕಾನೂನುಬದ್ಧ ಎಂದಿತ್ತು. ಆದರೆ ಈ ತತ್ತ್ವ ಕೈಗೆ ಸಿಗುವ ವಸ್ತುವಿಗೆ ಸಲ್ಲುತ್ತದೆ. ಪರವಾನಗಿಯಾಗಿ ಕೊಟ್ಟ ತಂತ್ರಾಂಶಕ್ಕೆ ಸಲ್ಲದು ಎಂದು 2010ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಆಟೊಡೆಸ್ಕ್ ಮೊಕದ್ದಮೆಯಲ್ಲಿ ಹೇಳಿತು. ಯುರೋಪಿನ ನ್ಯಾಯಾಲಯ 2012ರಲ್ಲಿ ಇದಕ್ಕೆ ವ್ಯತಿರಿಕ್ತವಾಗಿ, ಇಳಿಸಿಕೊಂಡ ತಂತ್ರಾಂಶವನ್ನೂ ಮರುಮಾರಾಟ ಮಾಡಬಹುದು ಎಂದಿತು. ಅದನ್ನು ಆಧರಿಸಿ ಫ್ರಾನ್ಸಿನ ಗ್ರಾಹಕ ಸಂಘಟನೆಯೊಂದು ಸ್ಟೀಮ್ ವಿರುದ್ಧ 2019ರಲ್ಲಿ ಗೆದ್ದರೂ 2022ರಲ್ಲಿ ಪ್ಯಾರಿಸ್ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಹೀಗೆ ಡಿಸ್ಕ್ ಇರುವವರೆಗೆ ಕಾನೂನು ಆಟಗಾರನ ಕಡೆ. ಡಿಸ್ಕ್ ಹೋದ ಕೂಡಲೇ ಒಪ್ಪಂದದ ಸಣ್ಣಕ್ಷರಗಳು ಕಂಪನಿಯ ಕಡೆ.

ಭಾರತದಲ್ಲಿ 2012ರ ತಿದ್ದುಪಡಿಯ ಮೂಲಕ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು. ರಕ್ಷಣಾ ಬೀಗ ಮುರಿಯುವುದಕ್ಕೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶ ಇದ್ದಿರಬೇಕು ಎಂಬ ಷರತ್ತು ಅದರಲ್ಲೇ ಇದೆ. ಬೀಗ ಮುರಿದದ್ದನ್ನೇ ಅಪರಾಧವೆಂದು ಕಾಣುವ ಅಮೆರಿಕದ 1998ರ ಕಾನೂನಿಗಿಂತ ಇದು ಹೆಚ್ಚು ಸಮಚಿತ್ತದ ನಿಲುವು. ಇಲ್ಲಿನ ಆಟಗಾರರಿಗೆ 2013ರ ವಿವಾದ ದೂರದ ಸುದ್ದಿಯೇನಾಗಿರಲಿಲ್ಲ. ಮೈಕ್ರೊಸಾಫ್ಟ್ ತನ್ನ ಯಂತ್ರಕ್ಕೆ 1.5 ಎಂಬಿಪಿಎಸ್ ವೇಗ ಶಿಫಾರಸು ಮಾಡಿದ ಕಾಲಕ್ಕೆ ಭಾರತದಲ್ಲಿ 512 ಕೆಬಿಪಿಎಸ್ ಇದ್ದರೂ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಲಾಗುತ್ತಿತ್ತು. ಮೂರು ಸಾವಿರ ರೂಪಾಯಿ ಮೀರಿದ ಡಿಸ್ಕ್ ಕೊಳ್ಳುವ ಹುಡುಗ ಅದನ್ನು ಆಡಿ ಮುಗಿಸಿ, ಬೆಂಗಳೂರಿನ ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ಬದಲಾಯಿಸಿಕೊಂಡೇ ಮುಂದಿನ ಆಟಕ್ಕೆ ಹೋಗುತ್ತಿದ್ದ. ಪ್ಲೇಸ್ಟೇಷನ್ 4 ಇಲ್ಲಿಗೆ 2014ರ ಜನವರಿಯಲ್ಲಿ 39,990 ರೂಪಾಯಿಗೆ ಬಂದಿತು. ಎಕ್ಸ್‌ಬಾಕ್ಸ್ ಒನ್ ಬರುವಾಗ ಆ ವರ್ಷದ ಸೆಪ್ಟೆಂಬರ್ ಆಗಿತ್ತು.

ಅನಂತರದ ಬೆಳವಣಿಗೆ

ಎದುರು ಬಾಗಿಲಿನಿಂದ ಹೊರದೂಡಿದ್ದು ಹಿತ್ತಿಲಿನಿಂದ ಒಳಬಂದಿತು. ಹಾಜರಿ ನಿಯಮವನ್ನು ಮತ್ತೆ ಹೇರುವ ಅಗತ್ಯವೇ ಕಂಪನಿಗಳಿಗೆ ಬೀಳಲಿಲ್ಲ. ಜನರೇ ಡಿಸ್ಕ್ ಬಿಟ್ಟು ಡೌನ್‌ಲೋಡ್‌ಗೆ ಸರಿದರು. ಮೈಕ್ರೊಸಾಫ್ಟ್ 2017ರಲ್ಲಿ ತಿಂಗಳ ಚಂದಾದ ಗೇಮ್ ಪಾಸ್ ತಂದಿತು, 2019ರಲ್ಲಿ ಡಿಸ್ಕ್ ಕಿಂಡಿಯೇ ಇಲ್ಲದ ಎಕ್ಸ್‌ಬಾಕ್ಸ್ ಒನ್ ಮಾದರಿ ಮಾರಿತು. 2020ರಲ್ಲಿ ಪ್ಲೇಸ್ಟೇಷನ್ 5ಕ್ಕೂ ಅಂಥದೇ ಅಗ್ಗದ ಮಾದರಿ ಬಂತು. 2023ರ ಕೊನೆಯಲ್ಲಿ ಬಂದ ತೆಳ್ಳಗಿನ ಪ್ಲೇಸ್ಟೇಷನ್ 5ರ ಡಿಸ್ಕ್ ಡ್ರೈವ್ ಅನ್ನು ಬೇರೆಯಾಗಿ ಕೊಂಡು ಜೋಡಿಸಿದರೆ, ಅದು ಕೆಲಸ ಮಾಡಲು ಒಮ್ಮೆ ಇಂಟರ್ನೆಟ್ ಮೂಲಕ ನೋಂದಣಿಯಾಗಬೇಕು. ನಿರ್ಬಂಧವಿಲ್ಲ ಎಂದು ಚಪ್ಪಾಳೆ ಗಿಟ್ಟಿಸಿದ್ದ ಪ್ಲೇಸ್ಟೇಷನ್ 4ರಲ್ಲೇ ಒಂದು ದೋಷ ಅಡಗಿತ್ತು: ಒಳಗಿನ ಗಡಿಯಾರದ ಪುಟ್ಟ ಬ್ಯಾಟರಿ ಸತ್ತು, ಸೋನಿಯ ಸರ್ವರ್ ಕೂಡ ಸಿಗದಿದ್ದರೆ ಡಿಸ್ಕ್ ಹಾಕಿದರೂ ಆಟ ತೆರೆಯುತ್ತಿರಲಿಲ್ಲ. ಆಟಗಳ ಸಂರಕ್ಷಣೆಯಲ್ಲಿ ತೊಡಗಿದ ಹವ್ಯಾಸಿಗಳು ಇದನ್ನು ಬಯಲಿಗೆಳೆದ ಮೇಲೆ 2021ರ ಸೆಪ್ಟೆಂಬರ್‌ನ ಪರಿಷ್ಕರಣೆಯಲ್ಲಿ ಅದು ಸರಿಹೋಯಿತು.

ಹೀಗಾಗಿ ಚರ್ಚೆಯ ಕೇಂದ್ರ ಮರುಮಾರಾಟದಿಂದ ಉಳಿವಿನ ಕಡೆಗೆ ಸರಿದಿದೆ. ನಿಂಟೆಂಡೊ 2023ರ ಮಾರ್ಚ್‌ನಲ್ಲಿ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯನ್ನು ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳಿಗೆ ಇನ್ನು ನ್ಯಾಯವಾದ ಮಾರಾಟದ ದಾರಿಯೇ ಇಲ್ಲ. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ 87ರಷ್ಟು ಈಗ ಮಾರುಕಟ್ಟೆಯಲ್ಲಿಲ್ಲ ಎಂದು ಆ ದೇಶದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಅದೇ ವರ್ಷ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಸಂಶೋಧಕರು ಗ್ರಂಥಾಲಯದ ಪ್ರತಿಗಳನ್ನು ದೂರದಿಂದಲೇ ತೆರೆದು ನೋಡಲು ವಿನಾಯಿತಿ ಕೊಡಿ ಎಂಬ ಬೇಡಿಕೆಯನ್ನು ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರ್‌ನಲ್ಲಿ ನಿರಾಕರಿಸಿತು.

ಯೂಬಿಸಾಫ್ಟ್ 2014ರಲ್ಲಿ ಮಾರಿದ್ದ ದಿ ಕ್ರ್ಯೂ ಎಂಬ ಕಾರು ಓಟದ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಡಿಸ್ಕ್ ಕೊಂಡವರ ಕೈಯಲ್ಲೂ ಆಡಲಾಗದ ತಟ್ಟೆಯಷ್ಟೇ ಉಳಿಯಿತು. ಯೂಟ್ಯೂಬ್‌ನಲ್ಲಿ ಹೆಸರಾದ ರಾಸ್ ಸ್ಕಾಟ್ ಇದನ್ನೇ ಹಿಡಿದು ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಎಂಬ ಚಳವಳಿ ಆರಂಭಿಸಿದರು. ಸರ್ವರ್‌ಗಳನ್ನು ಶಾಶ್ವತವಾಗಿ ನಡೆಸಿ ಎಂಬುದು ಅವರ ಬೇಡಿಕೆಯಲ್ಲ. ನಿಲ್ಲಿಸುವಾಗ ಆಟವನ್ನು ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದಷ್ಟೇ. ಇದಕ್ಕಾಗಿ ಯುರೋಪಿಯನ್ ಒಕ್ಕೂಟದ ನಾಗರಿಕರು ಸಲ್ಲಿಸಿದ ಮನವಿಯ ಸಹಿಗಳು 2025ರ ಜುಲೈನಲ್ಲಿ ಅಗತ್ಯವಿದ್ದ 10 ಲಕ್ಷದ ಗಡಿ ದಾಟಿದವು. ಹಲವು ಆಟಗಳನ್ನು ಸರ್ವರ್ ಇಲ್ಲದೆ ಓಡಿಸಲು ಆಗದು, ಖಾಸಗಿ ಸರ್ವರ್‌ಗಳಲ್ಲಿ ಆಟಗಾರರ ಸುರಕ್ಷತೆ ಕಾಯಲಾಗದು ಎಂಬುದು ಉದ್ಯಮದ ಸಂಘಟನೆಯಾದ ವಿಡಿಯೊ ಗೇಮ್ಸ್ ಯುರೋಪ್‌ನ ಆಕ್ಷೇಪ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕನ್ನು ಖರೀದಿಯೆಂದು ಮಾರುವಂತಿಲ್ಲ. ಈ ಕಾನೂನು ಸತ್ಯ ಹೇಳಿಸುತ್ತದೆ, ಹಕ್ಕು ಮರಳಿಸುವುದಿಲ್ಲ.

2025ರ ಜೂನ್ 5ರಂದು ಬಿಡುಗಡೆಯಾದ ನಿಂಟೆಂಡೊ ಸ್ವಿಚ್ 2 ಹೊಸ ತಕರಾರು ತಂದಿದೆ. ಅದರ ಹಲವು ಆಟಗಳು ಕೀ ಕಾರ್ಡ್ ರೂಪದಲ್ಲಿ ಬರುತ್ತವೆ. ನೋಡಲು ಎಂದಿನ ಕಾರ್ಡೇ, ಒಳಗೆ ಆಟ ಇಲ್ಲ. ಸರ್ವರ್‌ನಿಂದ ಇಳಿಸಿಕೊಳ್ಳಲು ಅನುಮತಿ ಮಾತ್ರ, ಆಡುವಾಗಲೆಲ್ಲ ಕಾರ್ಡ್ ಯಂತ್ರದಲ್ಲಿರಬೇಕು. ಅದನ್ನು ಇನ್ನೊಬ್ಬರಿಗೆ ಕೊಡಬಹುದು, ಮಾರಬಹುದು. 2013ರ ಅಳತೆಗೋಲಿನಿಂದ ನೋಡಿದರೆ ಆಟಗಾರರು ಕೇಳಿದ್ದೆಲ್ಲ ಇದರಲ್ಲಿ ಸಿಕ್ಕಿದೆ; ಸರ್ವರ್ ನಿಂತ ಮೇಲೆ ಮಾತ್ರ ಆಟವನ್ನು ಹೊಸದಾಗಿ ಇಳಿಸಿಕೊಳ್ಳಲಾಗುವುದಿಲ್ಲ. ಪ್ರಕಟಿತ ಆಟಗಳನ್ನು ಸಂಗ್ರಹಿಸಿಡುವ ಜಪಾನಿನ ರಾಷ್ಟ್ರೀಯ ಡಯಟ್ ಗ್ರಂಥಾಲಯ, ಕಾರ್ಡಿನಲ್ಲಿ ಆಟದ ಹೂರಣವೇ ಇಲ್ಲದ ಕಾರಣ ಕೀ ಕಾರ್ಡ್‌ಗಳು ತನ್ನ ಸಂಗ್ರಹದ ವ್ಯಾಪ್ತಿಗೆ ಬರುವುದಿಲ್ಲ ಎಂದು ತಿಳಿಸಿದೆ.